ಯೊಕೊಹಾಮಾ: ಹಳೇ ಬಂದರಿನ ಎರಡನೇ ಇನಿಂಗ್ಸ್

ಸಕುರಾಗಿಚೊ ರೈಲು ನಿಲ್ದಾಣದಿಂದ ಹೊರಬಂದು ಕಡಲಿನ ಕಡೆ ಸ್ವಲ್ಪ ನಡೆದರೆ ಸಾಕು, ನಾಲ್ಕು ಕಂಬಗಳ ಬಿಳಿ ಹಾಯಿಹಡಗೊಂದು ಎದುರಾಗುತ್ತದೆ. ಹೆಸರು ‘ನಿಪ್ಪೊನ್ ಮಾರು’. 1930ರಲ್ಲಿ ನೀರಿಗಿಳಿದು, ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಾವಿಕ ವಿದ್ಯಾರ್ಥಿಗಳನ್ನು ಹೊತ್ತು ಪೆಸಿಫಿಕ್ ಸಾಗರ ಸುತ್ತಿ, 1984ರಲ್ಲಿ ನಿವೃತ್ತಿಯಾದ ತರಬೇತಿ ಹಡಗು ಇದು. ಸುಮಾರು 11,500 ಹುಡುಗರು ಇದರ ಮೇಲೆ ಹಾಯಿ ಬಿಚ್ಚುವುದನ್ನು ಕಲಿತರಂತೆ. ಹಡಗಿಗಿಂತ ಅದು ನಿಂತ ಜಾಗವನ್ನು ನೋಡಬೇಕು. ಹಿಂದೆ ಹಡಗುಗಳನ್ನು ಒಳಕ್ಕೆ ಎಳೆದು, ನೀರು ಬಸಿದು, ತಳ ರಿಪೇರಿ ಮಾಡುತ್ತಿದ್ದ ಕಲ್ಲುಕಟ್ಟಡದ ಹೊಂಡ ಅದು. ಹಡಗೂ ನಿವೃತ್ತ, ಹೊಂಡವೂ ನಿವೃತ್ತ. ಎರಡಕ್ಕೂ ಈಗ ಒಂದೇ ಕೆಲಸ: ಬಂದ ಮಕ್ಕಳಿಗೆ ಕಡಲಿನ ಕತೆ ಹೇಳುವುದು.

ಯೊಕೊಹಾಮಾದ ಸ್ವಭಾವ ಇಲ್ಲೇ ಗೊತ್ತಾಗಿಬಿಡುತ್ತದೆ. ಟೋಕಿಯೊದಿಂದ ಸುಮಾರು 30 ಕಿ.ಮೀ. ದಕ್ಷಿಣದಲ್ಲಿರುವ, 37 ಲಕ್ಷಕ್ಕೂ ಹೆಚ್ಚು ಜನರಿರುವ ಈ ನಗರ 19ನೇ ಶತಮಾನದ ನಡುಭಾಗದವರೆಗೂ ಮೀನುಗಾರರ ಸಣ್ಣ ಹಳ್ಳಿ. ಅಮೆರಿಕದ ಕಮೋಡೋರ್ ಪೆರಿ ಹಡಗುಪಡೆಯೊಂದಿಗೆ ಬಂದು, ಬಾಗಿಲು ಮುಚ್ಚಿಕೊಂಡಿದ್ದ ಜಪಾನಿನಿಂದ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡದ್ದು 1854ರಲ್ಲಿ, ಇದೇ ದಡದಲ್ಲಿ. 1859ರಲ್ಲಿ ಬಂದರು ತೆರೆಯಿತು. 1872ರಲ್ಲಿ ದೇಶದ ಮೊದಲ ರೈಲು ಟೋಕಿಯೊದ ಶಿಂಬಾಶಿಯಿಂದ ಇಲ್ಲಿಗೆ ಓಡಿತು. ಅಂದಿನ ಯೊಕೊಹಾಮಾ ನಿಲ್ದಾಣವೇ ಇಂದಿನ ಸಕುರಾಗಿಚೊ. ಆಮೇಲೆ ನಗರ ಎರಡು ಸಲ ನೆಲಸಮವಾಯಿತು, 1923ರ ಭೂಕಂಪದಲ್ಲಿ ಒಮ್ಮೆ, 1945ರ ಬಾಂಬ್ ದಾಳಿಯಲ್ಲಿ ಮತ್ತೊಮ್ಮೆ. ದೊಡ್ಡ ಸರಕು ಹಡಗುಗಳು ಹೊರಗಿನ ಹೊಸ ಧಕ್ಕೆಗಳಿಗೆ ಹೋದವು. 1983ರಲ್ಲಿ ಹಡಗು ಕಟ್ಟುವ ಕಾರ್ಖಾನೆಯೂ ಊರ ನಡುವಿನಿಂದ ಎದ್ದುಹೋಯಿತು. ಹೀಗೆ ತೆರವಾದ ದಡದಲ್ಲಿ ‘ಮಿನಾಟೊ ಮಿರಾಯ್’ ಎಂಬ ಹೊಸ ಬಡಾವಣೆ ಎದ್ದಿತು. ಹಳೆಯದನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿ ಕೈತೊಳೆದುಕೊಳ್ಳಬಹುದಿತ್ತು. ಗೋಪುರಗಳನ್ನೇನೋ ಕಟ್ಟಿದರು, ಆದರೆ ನೀರಂಚನ್ನು ಮಾತ್ರ ನಡೆಯುವವರಿಗೆ ಬಿಟ್ಟುಕೊಟ್ಟರು.

ಅಜ್ಜ-ಅಜ್ಜಿ, ಮಕ್ಕಳು, ತಳ್ಳುಗಾಡಿಯಲ್ಲಿ ಕೂಸು, ಹೀಗೆ ಇಡೀ ಸಂಸಾರ ಹೊರಟರೂ ಇಲ್ಲಿ ಒಂದು ದಿನ ಆರಾಮಾಗಿ ಕಳೆಯಬಹುದು. ಸಕುರಾಗಿಚೊದಿಂದ ಯಮಾಶಿತಾ ಉದ್ಯಾನದವರೆಗೆ ದಡದುದ್ದಕ್ಕೂ ಹೆಚ್ಚೆಂದರೆ ಮೂರು ಕಿ.ಮೀ. ಹತ್ತುವ-ಇಳಿಯುವ ಕಾಟವಿಲ್ಲ. ಮೊದಲ ತುಣುಕು ‘ಕಿಶಾಮಿಚಿ’. 1911ರ ಸರಕು ರೈಲಿನ ಹಳಿಗಳನ್ನು ಹಾಗೇ ನೆಲದಲ್ಲಿ ಉಳಿಸಿ, ಸುತ್ತ ಮರದ ಹಲಗೆ ಹಾಸಿ ಮಾಡಿದ ಕಾಲುದಾರಿ. ಹಳಿಯ ಮೇಲೆ ಕಾಲಿಟ್ಟು ಸಮತೋಲನ ಮಾಡುತ್ತಾ ನಡೆಯದ ಮಗು ಈ ದಾರಿಯಲ್ಲಿ ಕಾಣಸಿಗುವುದಿಲ್ಲ. ತಲೆಯ ಮೇಲೆ 2021ರಿಂದ ಕೇಬಲ್ ಕಾರು ಓಡಾಡುತ್ತಿದೆ. ಐದೇ ನಿಮಿಷದ ಸವಾರಿಗೆ ಅದರ ದರ ನನಗೆ ಹೆಚ್ಚೆನಿಸಿತು. ಮಂಡಿನೋವಿನ ಹಿರಿಯರನ್ನು ಅದರಲ್ಲಿ ಕಳಿಸಿ, ಉಳಿದವರು ನಡೆಯುವುದು ವಾಸಿ.

ದಾರಿಯ ಆಚೆ ಬದಿಗೆ ‘ಕಾಸ್ಮೊ ಕ್ಲಾಕ್ 21’. 112.5 ಮೀಟರ್ ಎತ್ತರದ ಈ ತಿರುಗುಚಕ್ರದ ನಡುವೆ ದೊಡ್ಡ ಗಡಿಯಾರವಿದೆ. 1989ರ ವಸ್ತುಪ್ರದರ್ಶನಕ್ಕೆಂದು ನಿಲ್ಲಿಸಿದ್ದನ್ನು ಆಮೇಲೆ ಬಿಚ್ಚಿ ಈಗಿನ ಜಾಗದಲ್ಲಿ ಮತ್ತೆ ಜೋಡಿಸಿದರು. ಒಂದು ಸುತ್ತಿಗೆ 15 ನಿಮಿಷ. ಇದರ ಸುತ್ತಲಿನ ಆಟದ ಪಾರ್ಕಿಗೆ ಪ್ರವೇಶ ಉಚಿತ, ಹತ್ತಿದ ಆಟಕ್ಕಷ್ಟೇ ಟಿಕೆಟು. ಪಕ್ಕದಲ್ಲೇ ಕಪ್ ನೂಡಲ್ಸ್ ಮ್ಯೂಸಿಯಂ. 1958ರಲ್ಲಿ ಬಿಸಿನೀರು ಸುರಿದರೆ ಸಿದ್ಧವಾಗುವ ನೂಡಲ್ಸ್ ಕಂಡುಹಿಡಿದು, 1971ರಲ್ಲಿ ಅದನ್ನು ಕಪ್ಪಿಗೆ ತುಂಬಿದ ಮೊಮೊಫುಕು ಆಂಡೊ ಅವರ ನೆನಪಿನ ಮನೆ. ಖಾಲಿ ಕಪ್ಪಿನ ಮೇಲೆ ಮಕ್ಕಳು ಬಣ್ಣದಲ್ಲಿ ಬೇಕಾದ್ದು ಗೀಚಬಹುದು. ಆಮೇಲೆ ನಾಲ್ಕು ಸೂಪುಗಳಲ್ಲಿ ಒಂದು, ಹನ್ನೆರಡು ಮೇಲೋಗರಗಳಲ್ಲಿ ನಾಲ್ಕನ್ನು ಆರಿಸಿದರೆ ಕಣ್ಣೆದುರೇ ತುಂಬಿ, ಮುಚ್ಚಿ ಕೊಡುತ್ತಾರೆ. 5,460 ಬಗೆಯಲ್ಲಿ ಜೋಡಿಸಬಹುದು ಎಂಬುದು ಅವರ ಲೆಕ್ಕ. ಸಸ್ಯಾಹಾರಿಗಳು ಕಪ್ಪನ್ನು ಅಲಂಕರಿಸಿ ಸಂತೋಷಪಡಬೇಕಷ್ಟೆ, ತಿನ್ನುವ ಆಸೆ ಬೇಡ. ಜಪಾನಿನಲ್ಲಿ ತರಕಾರಿ ಸೂಪಿನಂತೆ ಕಾಣುವುದರಲ್ಲೂ ಹೆಚ್ಚಾಗಿ ಒಣಮೀನಿನ ಸಾರ ಇರುತ್ತದೆ. ಬುತ್ತಿ ಕಟ್ಟಿಕೊಂಡು ಬಂದವರು ಬುದ್ಧಿವಂತರು. ಕೂತು ತಿನ್ನಲು ಹುಲ್ಲುಹಾಸು ಧಾರಾಳವಾಗಿದೆ.

ಅಲ್ಲಿಂದ ಕೆಂಪು ಇಟ್ಟಿಗೆಯ ಗೋದಾಮುಗಳು. 1911ರಲ್ಲಿ ಒಂದು, 1913ರಲ್ಲಿ ಇನ್ನೊಂದು, ಸರ್ಕಾರದ ಸುಂಕದ ಕಟ್ಟೆಗಾಗಿ ಕಟ್ಟಿದವು. ವಾಸ್ತುಶಿಲ್ಪಿ ತ್ಸುಮಾಕಿ ಯೊರಿನಾಕಾ ಇಟ್ಟಿಗೆಯೊಳಗೆ ಕಬ್ಬಿಣ ಹೆಣೆದಿದ್ದರು. 1923ರಲ್ಲಿ ಸುತ್ತಮುತ್ತ ಎಲ್ಲ ಉರುಳಿದಾಗ ಒಂದು ಗೋದಾಮು ನಿಂತಿತು, ಇನ್ನೊಂದರ ಅರ್ಧ ಹೋಯಿತು. ಅಕ್ಕಪಕ್ಕ ನಿಂತ ಅಣ್ಣತಮ್ಮಂದಿರಲ್ಲಿ ಒಬ್ಬ ಇವತ್ತಿಗೂ ಗಿಡ್ಡ. 1989ರಲ್ಲಿ ಗೋದಾಮಿನ ಕೆಲಸ ಪೂರ್ತಿ ನಿಂತಿತು, 2002ರಲ್ಲಿ ಅಂಗಡಿ, ಊಟದ ಮನೆ, ನಾಟಕದ ಸಭಾಂಗಣಗಳಾಗಿ ಬಾಗಿಲು ಮತ್ತೆ ತೆರೆಯಿತು. ಅಂಗಡಿಗಳಲ್ಲಿ ವಿಶೇಷವೇನಿಲ್ಲ. ಗೋಡೆ, ಕಬ್ಬಿಣದ ಬಾಗಿಲು, ಮೆಟ್ಟಿಲುಗಳನ್ನು ನೋಡಿ ಹೊರಬನ್ನಿ.

ಮುಂದಿನ ಸಣ್ಣ ಉದ್ಯಾನದ ಹೆಸರು ‘ಜೋ ನೊ ಹಾನಾ’, ಆನೆಯ ಸೊಂಡಿಲು. ಹಳೇ ಬಂದರಿನ ಅಲೆತಡೆ ಮೇಲಿನಿಂದ ಸೊಂಡಿಲಿನಂತೆ ಕಾಣುತ್ತಿತ್ತಂತೆ. ಅದರಾಚೆಗಿನ ಒಸಾನ್‌ಬಾಶಿ ಧಕ್ಕೆ ಮೊದಲು ಆದದ್ದು 1894ರಲ್ಲಿ. 2002ರಲ್ಲಿ ಅದರ ಮೇಲೆ ಹೊಸ ಪ್ರಯಾಣಿಕರ ನಿಲ್ದಾಣ ಕಟ್ಟಿದರು. ಪ್ರವಾಸಿ ಹಡಗುಗಳು ಈಗಲೂ ಇಲ್ಲಿಗೇ ಬಂದು ನಿಲ್ಲುತ್ತವೆ. ಇದರ ಚಾವಣಿ ಎಲ್ಲಿ ಮುಗಿದು ನೆಲ ಎಲ್ಲಿ ಶುರುವಾಗುತ್ತದೆ ಎಂದು ಹೇಳುವುದು ಕಷ್ಟ. ಏರಿಳಿಯುವ ಮರದ ಹಾಸು, ನಡುನಡುವೆ ಹುಲ್ಲು. ಸ್ಥಳೀಯರು ಇದನ್ನು ತಿಮಿಂಗಿಲದ ಬೆನ್ನು ಎನ್ನುತ್ತಾರೆ. ಹಗಲು-ರಾತ್ರಿ ತೆರೆದಿರುತ್ತದೆ, ಟಿಕೆಟಿಲ್ಲ. ಇಡೀ ನಗರದಲ್ಲಿ ನನಗೆ ಅತಿ ಹೆಚ್ಚು ಹಿಡಿಸಿದ ಜಾಗ ಇದೇ.

ಧಕ್ಕೆಯ ಬುಡದಲ್ಲಿರುವ ರೇಷ್ಮೆ ಮ್ಯೂಸಿಯಂಗೆ ಪ್ರವಾಸಿಗರು ಅಷ್ಟಾಗಿ ಹೋಗುವುದಿಲ್ಲ. ಕನ್ನಡಿಗರು ಮಾತ್ರ ತಪ್ಪಿಸಬಾರದು. ಬಂದರು ತೆರೆದು ನೂರು ವರ್ಷವಾದ ನೆನಪಿಗೆ 1959ರಲ್ಲಿ ಇದನ್ನು ಕಟ್ಟಿದರು. ಯೊಕೊಹಾಮಾವನ್ನು ಶ್ರೀಮಂತಗೊಳಿಸಿದ್ದೇ ಕಚ್ಚಾ ರೇಷ್ಮೆ. ಒಳನಾಡಿನ ಹಳ್ಳಿಗಳಲ್ಲಿ ಗೂಡು ಬೆಳೆದು, ನೂಲು ಬಿಚ್ಚಿ, ಇಲ್ಲಿಂದ ಯುರೋಪ್, ಅಮೆರಿಕಕ್ಕೆ ಹಡಗೇರಿಸುತ್ತಿದ್ದರು. ಹಿಪ್ಪುನೇರಳೆ ಸೊಪ್ಪು, ಹುಳು, ಗೂಡು, ನೂಲು ಬಿಚ್ಚುವ ರಾಟೆ ಎಲ್ಲ ಇಲ್ಲಿದೆ. ರಾಮನಗರದ ಗೂಡಿನ ಮಾರುಕಟ್ಟೆ ಕಂಡವರಿಗೆ ಯಾರೂ ವಿವರಿಸಿ ಹೇಳಬೇಕಿಲ್ಲ.

ಇದು ಬರೀ ಹೋಲಿಕೆಯ ಮಾತಲ್ಲ, ಈ ಬಂದರಿಗೂ ಬೆಂಗಳೂರಿಗೂ ನಂಟಿದೆ. 1893ರ ಜುಲೈನಲ್ಲಿ ಷಿಕಾಗೊಗೆ ಹೊರಟ ಸ್ವಾಮಿ ವಿವೇಕಾನಂದರು ಹಾದುಹೋದದ್ದು ಇದೇ ಬಂದರಿನಿಂದ. ಇಲ್ಲಿನ ಹೋಟೆಲಿನಲ್ಲಿ ಕೂತು ಮದರಾಸಿನ ಶಿಷ್ಯರಿಗೆ ಪತ್ರ ಬರೆದು, ಜಪಾನೀಯರ ಅಚ್ಚುಕಟ್ಟುತನವನ್ನು ಮೆಚ್ಚಿ, ನಮ್ಮ ಯುವಕರು ಇಲ್ಲಿಗೆ ಬಂದು ನೋಡಬೇಕು ಎಂದರು. ಆಮೇಲೆ ಅವರು ಹತ್ತಿದ ‘ಎಂಪ್ರೆಸ್ ಆಫ್ ಇಂಡಿಯಾ’ ಹಡಗಿನಲ್ಲಿ ಜಮ್‌ಶೆಟ್‌ಜಿ ಟಾಟಾ ಕೂಡ ಇದ್ದರು. ಆ ಸಹಪ್ರಯಾಣವನ್ನು ನೆನಪಿಸಿ ಟಾಟಾ 1898ರಲ್ಲಿ ಸ್ವಾಮೀಜಿಗೆ ಬರೆದ ಪತ್ರದಲ್ಲಿ ಸಂಶೋಧನಾ ಸಂಸ್ಥೆಯೊಂದರ ಯೋಜನೆ ಇತ್ತು. ಮೈಸೂರು ಸಂಸ್ಥಾನ ಕೊಟ್ಟ 371 ಎಕರೆಯಲ್ಲಿ 1909ರಲ್ಲಿ ಹುಟ್ಟಿದ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಬೆಂಗಳೂರಿನ ಬಸ್ ಕಂಡಕ್ಟರುಗಳು ಈಗಲೂ ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದೇ ಕೂಗುತ್ತಾರೆ. ಜಪಾನಿನ ರೇಷ್ಮೆ ಕಸುಬು ಕಂಡಿದ್ದ ಟಾಟಾ, ಅಲ್ಲಿನ ಪರಿಣತರನ್ನೇ ಕರೆಸಿ ಬೆಂಗಳೂರಿನಲ್ಲಿ ರೇಷ್ಮೆ ತೋಟ ಮಾಡಿಸಿದರು. ತೋಟ ಹೋಗಿದೆ, ಬಸವನಗುಡಿಯ ಆಸುಪಾಸಿನಲ್ಲಿ ‘ಟಾಟಾ ಸಿಲ್ಕ್ ಫಾರ್ಮ್’ ಎಂಬ ಹೆಸರು ಉಳಿದಿದೆ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಯಮಾಶಿತಾ ಉದ್ಯಾನ ತಲುಪಿದರೆ ಸರಿ. ಗುಲಾಬಿ ಮಡಿಗಳು, ಕಡಲಿಗೆ ಮುಖಮಾಡಿದ ಬೆಂಚುಗಳು, ಓಡಾಡುವ ಮಕ್ಕಳು. ಈ ಹಸಿರಿನ ಕೆಳಗಿರುವುದು ಭೂಕಂಪದ ಅವಶೇಷ. 1923ರ ಸೆಪ್ಟೆಂಬರ್ 1ರ ಮಧ್ಯಾಹ್ನದ ಹೊತ್ತಿಗೆ ಊರು ಕುಸಿದು, ಬೆಂಕಿ ಹತ್ತಿತು. ಆ ಇಟ್ಟಿಗೆ-ಕಲ್ಲುಗಳ ರಾಶಿಯನ್ನು ತಂದು ಸಮುದ್ರಕ್ಕೆ ಸುರಿದು ನೆಲ ಮಾಡಿ, 1930ರಲ್ಲಿ ಉದ್ಯಾನ ತೆರೆದರು. ಇದರ ಒಂದು ಮೂಲೆಯಲ್ಲಿ ಗುಮ್ಮಟವಿರುವ ಪುಟ್ಟ ಮಂಟಪವಿದೆ, ಒಳಗೆ ಕುಡಿಯುವ ನೀರಿನ ಕಾರಂಜಿ. ಆ ದುರಂತದಲ್ಲಿ ತಮ್ಮ ಕೈಹಿಡಿದ ಊರಿನ ಜನರಿಗೆ ಕೃತಜ್ಞತೆಯಾಗಿ ಇಲ್ಲಿನ ಭಾರತೀಯ ವರ್ತಕ ಸಮುದಾಯ 1939ರಲ್ಲಿ ಕೊಟ್ಟ ಕಾಣಿಕೆ ಅದು. ಹೆಚ್ಚಿನವರು ಅದರ ಮುಂದೆ ಹಾದುಹೋಗುತ್ತಾರೆ, ತಲೆಯೆತ್ತಿ ಚಾವಣಿಯ ಮೊಸಾಯಿಕ್ ಚಿತ್ತಾರ ನೋಡುವವರು ಕಡಿಮೆ.

ಉದ್ಯಾನಕ್ಕೆ ತಾಗಿ ನಿಂತಿರುವುದು ‘ಹಿಕಾವಾ ಮಾರು’. ಯೊಕೊಹಾಮಾದಲ್ಲೇ ಕಟ್ಟಿ 1930ರಲ್ಲಿ ಸಿಯಾಟಲ್ ದಾರಿಗೆ ಬಿಟ್ಟ ಪ್ರಯಾಣಿಕರ ಹಡಗು. 1932ರಲ್ಲಿ ಚಾರ್ಲಿ ಚಾಪ್ಲಿನ್ ಇದರಲ್ಲಿ ಪ್ರಯಾಣಿಸಿದ್ದರು. ಯುದ್ಧಕಾಲದಲ್ಲಿ ಆಸ್ಪತ್ರೆ ಹಡಗಾಗಿ, ಉಳಿದು ಬಂದು, 1960ರಲ್ಲಿ ಕೊನೆಯ ಯಾನ ಮುಗಿಸಿತು. ಮೊದಲ ದರ್ಜೆಯ ಊಟದ ಕೋಣೆ, ಇಕ್ಕಟ್ಟಾದ ಮೂರನೇ ದರ್ಜೆಯ ಮಂಚಗಳು, ಕೆಳಗಿನ ಎಂಜಿನ್ ಕೋಣೆ ಎಲ್ಲವನ್ನೂ ನೋಡಬಹುದು. ಮಕ್ಕಳಿಗೆ ಮೊದಲ ದರ್ಜೆಗಿಂತ ಎಂಜಿನ್ ಕೋಣೆಯೇ ಇಷ್ಟ.

ಚೈನಾಟೌನ್ ಇಲ್ಲಿಂದ ಹತ್ತು ನಿಮಿಷದ ನಡಿಗೆ. ಜಪಾನಿನ ಅತಿ ದೊಡ್ಡ ಚೀನೀ ಪೇಟೆ, ಬಣ್ಣದ ಕಮಾನುಗಳು, ಹಬೆಯಾಡುವ ಹಂದಿಮಾಂಸದ ಬನ್ನು, ವಿಪರೀತ ಜನ. ಕಾಲು ಸೋತಿದ್ದರೆ ಬಿಟ್ಟುಬಿಡಿ. ಬದಲಿಗೆ ಯಮಾಶಿತಾದಿಂದ ಯೊಕೊಹಾಮಾ ನಿಲ್ದಾಣಕ್ಕೆ ಹೋಗುವ ‘ಸೀ ಬಾಸ್’ ದೋಣಿ ಹತ್ತಿದರೆ, ಇಡೀ ದಿನ ನಡೆದ ದಡವನ್ನು ಕೂತಲ್ಲಿಂದಲೇ ಇನ್ನೊಮ್ಮೆ ನೋಡಬಹುದು.

ಟೋಕಿಯೊಗೆ ಹೋಗುವವರು ಮಧ್ಯೆ ಒಂದು ದಿನವನ್ನು ಯೊಕೊಹಾಮಾಕ್ಕೆ ಇಟ್ಟುಕೊಳ್ಳಿ, ಆದರೆ ವಾರ ನೋಡಿ ಹೊರಡಿ. ಎರಡು ಹಡಗುಗಳು ಮತ್ತು ರೇಷ್ಮೆ ಮ್ಯೂಸಿಯಂಗೆ ಸಾಮಾನ್ಯವಾಗಿ ಸೋಮವಾರ ರಜೆ, ನೂಡಲ್ಸ್ ಮ್ಯೂಸಿಯಂಗೆ ಮಂಗಳವಾರ. ಬುಧವಾರದಿಂದ ಶುಕ್ರವಾರದೊಳಗೆ ಹೋದರೆ ಸಾಮಾನ್ಯವಾಗಿ ಇವೆಲ್ಲ ತೆರೆದಿರುತ್ತವೆ, ಜನಜಂಗುಳಿಯೂ ಕಡಿಮೆ.