ಚಿಪ್ಪು ತೊರೆದ ಚತುರರು

ಇಂಡೊನೇಷ್ಯದ ಕಡಲ ತಳದಲ್ಲಿ ಒಂದು ಬಗೆಯ ಆಕ್ಟೋಪಸ್ ತೆಂಗಿನ ಕರಟದ ಹೋಳುಗಳನ್ನು ಮೈಯಡಿಯಲ್ಲಿ ಹಿಡಿದು, ತೋಳುಗಳನ್ನು ಮರಗಾಲಿನಂತೆ ಸೆಟೆಸಿ ನಡೆಯುತ್ತದೆ. ಬೇಕೆನಿಸಿದಾಗ ಎರಡು ಹೋಳುಗಳನ್ನು ಜೋಡಿಸಿ ಒಳಗೆ ಅಡಗುತ್ತದೆ. ಮುಂದೆ ಉಪಯೋಗವಾದೀತೆಂದು ಹೊರೆ ಹೊರುವ ಈ ಪ್ರಾಣಿಯ ವೃತ್ತಾಂತವನ್ನು ವಿಜ್ಞಾನಿಗಳು 2009ರಲ್ಲಿ ಪ್ರಕಟಿಸಿದರು. ಬಸವನಹುಳುವಿನ ದಾಯಾದಿಗೆ ಇಷ್ಟು ಬುದ್ಧಿ ಎಲ್ಲಿಂದ ಬಂದಿತು?

ಆಕ್ಟೋಪಸ್, ನಮ್ಮ ಕರಾವಳಿಯವರು ಬೊಂಡಾಸವೆನ್ನುವ ಸ್ಕ್ವಿಡ್ ಮತ್ತು ಕಟಲ್ ಮೀನು, ಇವಾವುವೂ ಮೀನುಗಳಲ್ಲ; ಮೃದ್ವಂಗಿಗಳ ವಂಶಕ್ಕೆ ಸೇರಿದ ಶಿರಪಾದಿಗಳು. ಸುಮಾರು 50 ಕೋಟಿ ವರ್ಷಗಳ ಹಿಂದೆ ಇವುಗಳ ಪೂರ್ವಜರು ಗಟ್ಟಿಯಾದ ಚಿಪ್ಪನ್ನು ಹೊತ್ತಿದ್ದುವು. ನಾಟಿಲಸ್ ಎಂಬ ಜೀವಿ ಇಂದಿಗೂ ಅದನ್ನು ಬಿಟ್ಟಿಲ್ಲ. ಮಿಕ್ಕವುಗಳಲ್ಲಿ ಚಿಪ್ಪು ಕ್ರಮೇಣ ಮೈಯೊಳಗೆ ಸೇರಿ ಕುಗ್ಗಿತು. ಆಯುರ್ವೇದದ ಸಮುದ್ರಫೇನವು ಕಟಲ್ ಮೀನಿನ ಒಳಚಿಪ್ಪೇ ಆಗಿದೆ. ಸ್ಕ್ವಿಡ್‌ನಲ್ಲಿ ಅದು ತೆಳ್ಳನೆಯ ಗರಿಯಷ್ಟಾಯಿತು; ಆಕ್ಟೋಪಸ್‌ನಲ್ಲಿ ಬಹುಮಟ್ಟಿಗೆ ಅಳಿದೇ ಹೋಯಿತು. ಹೊರೆ ಇಳಿದುದರಿಂದ ವೇಗವೂ ಬಿರುಕುಗಳಲ್ಲಿ ನುಸುಳುವ ಶಕ್ತಿಯೂ ಬಂದುವು. ಆದರೆ ಮೃದುವಾದ ಮೈ ಶತ್ರುಗಳಿಗೆ ಸುಲಭದ ತುತ್ತಾಯಿತು. ಕವಚವಿಲ್ಲದವನಿಗೆ ಉಪಾಯವೇ ಕವಚ. ಇವುಗಳ ಬುದ್ಧಿ ಬೆಳೆದುದು ಹೀಗೆಯೇ ಎಂಬುದು ಅನೇಕ ವಿಜ್ಞಾನಿಗಳ ಊಹೆ.

ಸಾಮಾನ್ಯ ಆಕ್ಟೋಪಸ್‌ನ ದೇಹದಲ್ಲಿ ಸುಮಾರು 50 ಕೋಟಿ ನರಕೋಶಗಳಿವೆ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಇರುವುದು ತಲೆಯಲ್ಲಲ್ಲ, ಎಂಟು ತೋಳುಗಳಲ್ಲಿ! ಇಟಲಿಯ ನೇಪಲ್ಸ್ ನಗರದಲ್ಲಿ ಜೆ. ಜೆಡ್. ಯಂಗ್ ಮತ್ತು ಅವರ ಸಂಗಡಿಗರು 1940ರ ದಶಕದ ಕೊನೆಯಿಂದ ಇವುಗಳನ್ನು ಪರೀಕ್ಷಿಸಿದರು. ಬಿಳಿಯ ಚೌಕದೊಡನೆ ಇಟ್ಟ ಏಡಿಯನ್ನು ಹಿಡಿದರೆ ವಿದ್ಯುತ್ತಿನ ಪೆಟ್ಟು; ಬರಿಯ ಏಡಿಯನ್ನು ಹಿಡಿದರೆ ಊಟ. ಪ್ರಾಣಿಗಳು ಈ ಭೇದವನ್ನು ಬೇಗನೆ ಕಲಿತುವು. ಮೆದುಳಿನ ಒಂದು ಭಾಗವನ್ನು ತೆಗೆದಾಗ ಕಲಿತ ಪಾಠ ಮರೆತುಹೋಯಿತು. ಕಟಲ್ ಮೀನುಗಳಾದರೋ ಮೆಚ್ಚಿನ ಸೀಗಡಿಗಾಗಿ ಎದುರಿಗಿದ್ದ ಕಡಮೆ ರುಚಿಯ ತಿನಿಸನ್ನು ಬಿಟ್ಟು, ಎರಡು ನಿಮಿಷಗಳಷ್ಟು ಕಾಲ ಕಾಯಬಲ್ಲವೆಂದು 2021ರಲ್ಲಿ ತಿಳಿದುಬಂದಿತು.

ನಮಗೂ ಇವುಗಳಿಗೂ ಸಮಾನನಾದ ಪೂರ್ವಜನು ಬದುಕಿದ್ದುದು 55 ಕೋಟಿ ವರ್ಷಗಳಿಗೂ ಹಿಂದೆ. ಅದೊಂದು ಹುಳುವಿನಂಥ ಜೀವಿಯಾಗಿದ್ದಿರಬೇಕು. ಆದುದರಿಂದ ಇವುಗಳ ಬುದ್ಧಿ ನಮ್ಮದರ ಕವಲಲ್ಲ. ಪ್ರಕೃತಿಯು ಬೇರೊಂದು ದಾರಿಯಲ್ಲಿ ಹೊಸದಾಗಿ ಕಟ್ಟಿದುದು.

ಆದರೆ ಈ ಬುದ್ಧಿಗೆ ಆಯುಸ್ಸು ಅಲ್ಪ. ಚಿಪ್ಪನ್ನು ಬಿಡದ ನಾಟಿಲಸ್ 20 ವರ್ಷ ಬಾಳಬಲ್ಲದು. ಹೆಚ್ಚಿನ ಆಕ್ಟೋಪಸ್‌ಗಳದು ಒಂದೆರಡು ವರ್ಷಗಳ ಬಾಳು. ತಾಯಿಯು ಆಹಾರ ಬಿಟ್ಟು ಮೊಟ್ಟೆಗಳನ್ನು ಕಾಯುತ್ತದೆ. ಮರಿಗಳು ಹೊರಬರುವ ಹೊತ್ತಿಗೆ ಸಾಯುತ್ತದೆ. ಪ್ರತಿಯೊಂದು ಮರಿಯೂ ಮೊದಲಿನಿಂದಲೇ ಕಲಿಯಬೇಕು. ಹಿರಿಯರು ತೊರೆದ ಚಿಪ್ಪಿಗೆ ಬದಲಾಗಿ ಕರಟವನ್ನು ಹುಡುಕಿಕೊಂಡ ಜಾಣನಿಗೂ, ಆ ಉಪಾಯವನ್ನು ಮಕ್ಕಳಿಗೆ ಹೇಳಿಕೊಡುವಷ್ಟು ಕಾಲ ಒದಗುವುದಿಲ್ಲ.