ಮಗಳಿಗೇಕೆ ಹೊಸತೇನೂ ಹೊಳೆಯುತ್ತಿಲ್ಲ?

ಶಾಲೆಯಲ್ಲಿ ಕಲಿಸುವ ನಿಮ್ಮ ಮಗಳು ಮೊದಲೆಲ್ಲ ರಾತ್ರಿ ಕುಳಿತು ಪಾಠಕ್ಕೆಂದು ಚಿತ್ರ ಬಿಡಿಸುತ್ತಿದ್ದಳು, ಆಟ ಕಟ್ಟುತ್ತಿದ್ದಳು. ಈಗ ಹಳೆಯ ನೋಟ್ಸನ್ನೇ ಬರೆಸಿ ಬರುತ್ತಾಳೆ. ಸೋಮಾರಿತನ ಎಂದು ಗದರಬೇಡಿ. ಇದು ‘ಬರ್ನ್‌ಔಟ್’ ಆಗಿರಬಹುದು.

1974ರಲ್ಲಿ ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಈ ಸ್ಥಿತಿಯ ಬಗ್ಗೆ ಬರೆದರು. ಉಚಿತ ಚಿಕಿತ್ಸಾಲಯದಲ್ಲಿ ಮನಸ್ಸಿಟ್ಟು ದುಡಿಯುತ್ತಿದ್ದವರೇ ಬತ್ತಿಹೋಗುವುದನ್ನು ಅವರು ಕಂಡಿದ್ದರು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ರೋಗವೆಂದಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿಯೆಂದು ವಿವರಿಸಿತು. ಶಕ್ತಿ ಸೋರಿಹೋದಂಥ ದಣಿವು, ಕೆಲಸದ ಬಗ್ಗೆ ಬೇಸರ, ನನ್ನಿಂದೇನೂ ಆಗದೆಂಬ ಭಾವನೆ ಇದರ ಲಕ್ಷಣಗಳು.

ಹೊಸ ಯೋಚನೆ ಹುಟ್ಟಲು ಮನಸ್ಸಿಗೆ ಬಿಡುವು ಬೇಕು, ತಪ್ಪಾದರೂ ಪರವಾಗಿಲ್ಲವೆಂಬ ಧೈರ್ಯ ಬೇಕು. ದಣಿದವರು ಗೊತ್ತಿದ್ದ ದಾರಿಯನ್ನೇ ಹಿಡಿಯುತ್ತಾರೆ. ತನ್ನ ಯೋಚನೆಯಂತೆ ಕೆಲಸ ಮಾಡಲು ಅವಕಾಶವಿದ್ದರೆ ಬಳಲಿಕೆ ತಗ್ಗುವುದೂ ಉಂಟು. ಆದರೆ ಬಿಡುವನ್ನೇ ಕೊಡದೆ ದಿನಕ್ಕೊಂದು ಹೊಸತು ಬೇಕೆಂದರೆ ಅದೂ ಹೊರೆಯೇ.

ಮನೆಯಲ್ಲಿ ನೀವೇನು ಮಾಡಬಹುದು? ನಿದ್ದೆಗೆ ಅಡ್ಡಿಯಾಗದಂತೆ ನೋಡಿಕೊಳ್ಳಿ. ರಾತ್ರಿ ಶಾಲೆಯ ವಾಟ್ಸ್ಯಾಪ್ ಗುಂಪಿಗೆ ಉತ್ತರಿಸಲೇಬೇಕೆಂದಿಲ್ಲ. ಅಡುಗೆ, ಪಾತ್ರೆ, ಬಟ್ಟೆ ಎಲ್ಲವನ್ನೂ ಅವಳಿಗೇ ಬಿಟ್ಟು ‘ಸ್ವಲ್ಪ ವಿಶ್ರಾಂತಿ ತಗೋಮ್ಮ’ ಎಂದರೆ ಏನು ಬಂತು! ಬೋಧನೆಯ ಹೊರತಾದ ಕೆಲಸ ಹೆಚ್ಚಿದ್ದರೆ ಮುಖ್ಯ ಶಿಕ್ಷಕರೊಡನೆ ಮಾತನಾಡಲು ಧೈರ್ಯ ತುಂಬಿ.

ರಜೆಯಲ್ಲೂ ದಣಿವು ಇಳಿಯದಿದ್ದರೆ ವೈದ್ಯರನ್ನು ಕಾಣಿ. ರಕ್ತಹೀನತೆ, ಥೈರಾಯ್ಡ್ ತೊಂದರೆಯಲ್ಲೂ ಇಂಥದೇ ಆಯಾಸವಿರುತ್ತದೆ. ಎರಡು ವಾರ ಕಳೆದರೂ ಯಾವುದರಲ್ಲೂ ಆಸಕ್ತಿ ಮೂಡದಿದ್ದರೆ ಖಿನ್ನತೆಯೂ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ.