ನಿಮ್ಮ ಮನೆಯಲ್ಲೂ ಒಂದು ಅಣಕು ತಾಲೀಮು

ಸೂರತ್‌ನ ಕನ್ನಡ ಬಂಧುಗಳೇ,

2025ರ ಮೇ 7ರಂದು ದೇಶದೆಲ್ಲೆಡೆ ನಾಗರಿಕ ರಕ್ಷಣೆಯ ಅಣಕು ತಾಲೀಮು ನಡೆಯಿತು, ಸೂರತ್‌ನಲ್ಲೂ. ಸರ್ಕಾರ ತನ್ನ ಸಿದ್ಧತೆ ಅಳೆದುಕೊಂಡಿತು. ನಿಮ್ಮ ಮನೆಯದು?

2006ರ ಆಗಸ್ಟ್‌ನಲ್ಲಿ ಉಕಾಯಿ ಅಣೆಕಟ್ಟೆಯಿಂದ ನೀರು ಬಿಟ್ಟಾಗ ತಾಪಿ ಉಕ್ಕಿ ಈ ನಗರದ ಬಹುಭಾಗ ಮುಳುಗಿತ್ತು. ಅಂಥ ದಿನ ನೀವು ಕೆಲಸದಲ್ಲಿದ್ದು, ಊರಿಂದ ಬಂದ ಅಮ್ಮ ಒಬ್ಬರೇ ಮನೆಯಲ್ಲಿದ್ದರೆ? ಕನ್ನಡವೊಂದೇ ಬಲ್ಲ ಅವರು 108ಕ್ಕೆ ಏನು ಹೇಳುತ್ತಾರೆ? ಸೊಸೈಟಿಯ ಹೆಸರು, ಮನೆ ನಂಬರ್, ಹತ್ತಿರದ ಗುರುತು, ಕಾಯಿಲೆ, ಮಾತ್ರೆ ಇಷ್ಟನ್ನೂ ಗುಜರಾತಿ ಮಾತಿನಲ್ಲೇ, ಕನ್ನಡ ಅಕ್ಷರದಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿ. ಈ ಭಾನುವಾರ ನೀವೇ 108ರವರಂತೆ ಪ್ರಶ್ನೆ ಕೇಳಿ, ಅಮ್ಮ ಓದಿ ಉತ್ತರಿಸಲಿ. (ನಗು ಬರುತ್ತದೆ, ಬರಲಿ.) ಓದು ಬಾರದವರಾದರೆ ಗುಜರಾತಿಯಲ್ಲಿ ಬರೆಸಿ ಪಕ್ಕದ ಮನೆಯ ಬೆನ್ ಕೈಗೆ ಕೊಟ್ಟಿಡಿ.

ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಒಂದು ವಾರದ್ದು ಹೆಚ್ಚಿಗೆ ಇರಲಿ. ಕರೆಂಟ್ ಹೋದರೆ ಇನ್ಸುಲಿನ್ನನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಮಣ್ಣಿನ ಮಡಕೆಯ ನೀರಲ್ಲಿಡಿ, ಐಸ್‌ಗೆ ತಾಗಿಸಬೇಡಿ.

ನೆರೆ ಇಳಿದ ಮೇಲೆ ಇಲಿಜ್ವರದ ಭಯ. ಕೊಳಕು ನೀರು ತುಳಿದವರಿಗೆ ಜ್ವರ, ಮೀನಖಂಡದಲ್ಲಿ ನೋವು ಬಂದರೆ ಅಂದೇ ಡಾಕ್ಟರಿಗೆ ತೋರಿಸಿ. ನೀರು ತುಳಿದದ್ದನ್ನೂ ಹೇಳಿ.